ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ?

ನಾನು ಕಲಿಸುವ ಮದರಸದ ಒಬ್ಬ ಹುಡುಗಿಯ ತಂದೆ ಎರಡು ವರ್ಷಗಳ ಹಿಂದೆ ಹಠಾತ್ತನೆ ಮರಣ ಹೊಂದಿದರು. ದಫನ್ ಆಗಿ ಒಂಬತ್ತನೆಯ ದಿನ ಮನೆಯ ಮಾಲೀಕರು ಬಂದು ಜಗಲಿಯಲ್ಲಿ ನಿಂತರು. "ಕರಾರು ಇದ್ದದ್ದು ಅವರ ಹೆಸರಿನಲ್ಲಿ. ಅವರೇ ಇಲ್ಲವೆಂದ ಮೇಲೆ ಕರಾರೂ ಇಲ್ಲ. ತಿಂಗಳ ಕೊನೆಗೆ ಮನೆ ಬಿಟ್ಟುಕೊಡಿ" ಎಂದು ಹೇಳಿ ಹೋದರು. ಆಕೆ ಒಳಕೋಣೆಯಲ್ಲಿ ಇದ್ದತ್ ಕುಳಿತಿದ್ದರು. ಎಲ್ಲವೂ ಕೇಳಿಸಿತು, ಆದರೆ ಏನು ಉತ್ತರಿಸಬೇಕೆಂದು ತಿಳಿಯಲಿಲ್ಲ.

ಮರುದಿನ ಮಗಳು ನನ್ನ ಬಳಿ ಬಂದು ಎರಡು ಪ್ರಶ್ನೆ ಕೇಳಿದಳು. ಉಮ್ಮ ಇದ್ದತ್ ಮುಗಿಯುವ ಮೊದಲೇ ಮನೆ ಬಿಟ್ಟು ಹೋಗಬಹುದೇ? ಮಾಲೀಕರು ಹೀಗೆ ಹೊರಗೆ ಕಳುಹಿಸಬಹುದೇ?

ಮೊದಲನೆಯದಕ್ಕೆ ನಾನು ಕಲಿತ ಕಿತಾಬುಗಳಲ್ಲಿ ಉತ್ತರವಿತ್ತು. ಪತಿ ತೀರಿಕೊಂಡ ಸ್ತ್ರೀ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾಗಿದ್ದರೆ ಹೆರಿಗೆಯಾಗುವ ತನಕ, ತಾನಿದ್ದ ಮನೆಯಲ್ಲೇ ಇದ್ದತ್ ಆಚರಿಸಬೇಕು. ಆದರೆ ಮನೆಯ ಒಡೆಯ ಹೊರಹಾಕಿದರೆ, ಬಾಡಿಗೆ ಕೊಡಲು ಕೈಯಲ್ಲಿ ಏನೂ ಇಲ್ಲದಿದ್ದರೆ, ಪ್ರಾಣಕ್ಕೋ ಮಾನಕ್ಕೋ ಭಯವಿದ್ದರೆ, ಬೇರೆ ಮನೆಗೆ ಹೋಗಿ ಉಳಿದ ದಿನಗಳನ್ನು ಅಲ್ಲಿ ಪೂರೈಸಬಹುದು. ಆಕೆಯ ಮೇಲೆ ದೋಷವಿಲ್ಲ.

ಎರಡನೆಯ ಪ್ರಶ್ನೆಗೆ ಮದರಸದ ಕಲಿಕೆಯಲ್ಲೂ ಉತ್ತರವಿರಲಿಲ್ಲ, ಬಿ.ಎ.ಯಲ್ಲಿ ಓದಿದ ರಾಜ್ಯಶಾಸ್ತ್ರದಲ್ಲೂ ಇರಲಿಲ್ಲ. ಕರಾರು ಪತ್ರವನ್ನು ಹಿಡಿದುಕೊಂಡು ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಿ ಕುಳಿತೆ. ಅಲ್ಲಿ ಮತ್ತು ಆಮೇಲೆ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಮನೆಯೊಳಗೆ ದಿನದ ಇಪ್ಪತ್ತನಾಲ್ಕು ಗಂಟೆ ಇರುವವರು ನಾವು. ಆ ಮನೆಯ ಕಾಗದ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ನಾನೂ ಓದಿರಲಿಲ್ಲ.

ಬಾಡಿಗೆದಾರ ತೀರಿಕೊಂಡರೆ

ಮಾಲೀಕರ ಮಾತು ತಪ್ಪು. ಬಾಡಿಗೆದಾರನ ಮರಣದೊಂದಿಗೆ ಬಾಡಿಗೆಯ ಹಕ್ಕು ಸಾಯುವುದಿಲ್ಲ. ಅದು ವಾರಸುದಾರರಿಗೆ ಬರುತ್ತದೆ, ಬಾಡಿಗೆ ಕೊಡುವ ಹೊಣೆಯೂ ಜೊತೆಗೇ ಬರುತ್ತದೆ. ಅದನ್ನು ಕೊನೆಗೊಳಿಸಬೇಕಾದರೆ ಪತಿ ಬದುಕಿದ್ದಾಗ ಯಾವ ಕ್ರಮ ಬೇಕಿತ್ತೋ ಅದೇ ಕ್ರಮ ಈಗಲೂ ಬೇಕು.

ಇಲ್ಲಿ ಎರಡು ಕಾನೂನುಗಳಿವೆ, ನಿಮಗೆ ಯಾವುದು ಅನ್ವಯಿಸುತ್ತದೆಂದು ಬಾಡಿಗೆಯ ಮೊತ್ತ ನೋಡಿ ತಿಳಿಯಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಸಣ್ಣ ಬಾಡಿಗೆಯ ಮನೆಗಳಿಗೆ ಮಾತ್ರ. ಕಾಯ್ದೆಯ ಪಟ್ಟಿಯ 'ಎ' ಭಾಗದಲ್ಲಿ ಹೆಸರಿರುವ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಊರುಗಳಲ್ಲಿ 2,000 ರೂಪಾಯಿ, ಇದಕ್ಕಿಂತ ಹೆಚ್ಚಿನ ಬಾಡಿಗೆಯಿದ್ದರೆ ಅದು ಅನ್ವಯಿಸುವುದಿಲ್ಲ. ಈ ಕಾಲದಲ್ಲಿ ಆ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತದೆ ಎಂದು ನೀವು ನಗಬಹುದು. ಆದರೆ ಹಳೆಯ ಓಣಿಗಳಲ್ಲಿ, ಅತ್ತೆಯ ಕಾಲದಿಂದ ಅದೇ ಬಾಡಿಗೆಗೆ ಕುಳಿತಿರುವ ಕುಟುಂಬಗಳು ಈಗಲೂ ಇವೆ. ಅವರು ಈ ಕಾಯ್ದೆಯ 5ನೇ ಕಲಮನ್ನು ನೆನಪಿಡಲಿ. ಬಾಡಿಗೆದಾರ ತೀರಿಕೊಂಡ ದಿನದಿಂದ ಐದು ವರ್ಷ ಬಾಡಿಗೆಯ ಹಕ್ಕು ಮೊದಲು ಪತಿ ಅಥವಾ ಪತ್ನಿಗೆ, ಅವರಿಲ್ಲದಿದ್ದರೆ ಮಕ್ಕಳಿಗೆ, ಆಮೇಲೆ ತಂದೆತಾಯಿಗೆ, ಆಮೇಲೆ ವಿಧವೆಯಾದ ಸೊಸೆಗೆ ಹೋಗುತ್ತದೆ. ಅವರು ತೀರಿಕೊಂಡವರ ಜೊತೆ ಕೊನೆಯ ತನಕ ಅದೇ ಮನೆಯಲ್ಲಿ ವಾಸವಿದ್ದಿರಬೇಕು. ಐದು ವರ್ಷ ಎಂಬುದನ್ನೂ ಮರೆಯಬಾರದು, ಅದು ಕಾಯಂ ಹಕ್ಕಲ್ಲ.

ಉಳಿದವರೆಲ್ಲ, ಅಂದರೆ ನಮ್ಮಲ್ಲಿ ಹೆಚ್ಚಿನವರು, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಅಡಿಯಲ್ಲಿ ಬರುತ್ತೇವೆ. ಬ್ರಿಟಿಷರ ಕಾಲದ ಈ ಕಾನೂನೇ ಇವತ್ತಿಗೂ ನಮ್ಮ ಅಡುಗೆಮನೆಯ ಬಾಗಿಲನ್ನು ಕಾಯುತ್ತಿದೆ. ಆ ಹುಡುಗಿಯ ಮನೆಯ ಬಾಡಿಗೆ 8,000, ಅಡ್ವಾನ್ಸ್ 80,000. ಹಾಗಾಗಿ ಅವರಿಗೂ ಇದೇ ಕಾನೂನು.

ಬಾಯಿಮಾತು ನೋಟಿಸ್ ಅಲ್ಲ

ಕರಾರು ಪತ್ರಗಳೆಲ್ಲ ಏಕೆ ಹನ್ನೊಂದು ತಿಂಗಳಿಗೆ ಬರೆದಿರುತ್ತವೆ ಎಂದು ನೀವು ಯೋಚಿಸಿರಬಹುದು. ಒಂದು ವರ್ಷ ಮೀರುವ ಬಾಡಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು ಮತ್ತು ಓಡಾಟ ತಪ್ಪಿಸಲು ಹನ್ನೊಂದು. ಹನ್ನೊಂದು ತಿಂಗಳು ಮುಗಿದ ಮೇಲೂ ನೀವು ಬಾಡಿಗೆ ಕೊಡುತ್ತಾ, ಮಾಲೀಕರು ತೆಗೆದುಕೊಳ್ಳುತ್ತಾ ಇದ್ದರೆ ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗುತ್ತದೆ. ನಾನು ಹೇಳುತ್ತಿರುವ ಕುಟುಂಬ ಆರು ವರ್ಷದಿಂದ ಅಲ್ಲಿತ್ತು. ಕರಾರು ಒಂದು ಸಲ ಮಾತ್ರ ನವೀಕರಣಗೊಂಡಿತ್ತು.

ಇಂಥ ಬಾಡಿಗೆಯನ್ನು ಮುಗಿಸಲು 106ನೇ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟಿಸ್ ಬೇಕು. ಕರಾರಿನಲ್ಲಿ ಒಂದು ತಿಂಗಳು, ಎರಡು ತಿಂಗಳು ಎಂದು ಬರೆದಿದ್ದರೆ ಅದೇ ನಡೆಯುತ್ತದೆ. ನೋಟಿಸಿಗೆ ಸಹಿ ಇರಬೇಕು. ಅಂಚೆಯಲ್ಲಿ ಬರಬೇಕು ಅಥವಾ ನಿಮಗೋ ಮನೆಯವರಿಗೋ ಕೈಯಲ್ಲಿ ಕೊಡಬೇಕು. ಅದು ಸಾಧ್ಯವಾಗದಿದ್ದರೆ ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು. ನೋಟಿಸ್ ತಲುಪಿದ ದಿನದಿಂದ ಎಣಿಕೆ ಶುರು. ಹೀಗಾಗಿ "ರಿಜಿಸ್ಟರ್ ಪತ್ರ ಬಂದರೆ ತೆಗೆದುಕೊಳ್ಳಬೇಡಿ" ಎಂದು ಹೇಳುವವರ ಮಾತು ಕೇಳಬೇಡಿ. ಪತ್ರ ನಿರಾಕರಿಸಿದರೆ ಕೋರ್ಟು ಅದು ತಲುಪಿದೆ ಎಂದೇ ಭಾವಿಸುತ್ತದೆ. ಅದರಲ್ಲಿ ಏನಿದೆ ಎಂದು ನಿಮಗೆ ಮಾತ್ರ ಗೊತ್ತಿರುವುದಿಲ್ಲ.

ನೋಟಿಸಿನ ಗಡುವು ಮುಗಿದ ಮೇಲೂ ನೀವು ಹೋಗದಿದ್ದರೆ? ಆಗಲೂ ಮಾಲೀಕ ಬೀಗ ಒಡೆಯುವಂತಿಲ್ಲ, ಸಾಮಾನು ಬೀದಿಗೆ ಹಾಕುವಂತಿಲ್ಲ. ಸಿವಿಲ್ ಕೋರ್ಟಿಗೆ ಹೋಗಿ ಆದೇಶ ತರಬೇಕು. ನೆಲೆಯೂರಿ ಇರುವವನನ್ನು ಕಾನೂನಿನ ದಾರಿಯಲ್ಲದೆ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2003ರ ಕೊನೆಯಲ್ಲಿ ನಮ್ಮ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹೊರಹಾಕಿಬಿಟ್ಟಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು. ಪೊಲೀಸರಿಗೂ ಕೋರ್ಟಿನ ಆದೇಶವಿಲ್ಲದೆ ಬಾಡಿಗೆದಾರರನ್ನು ಖಾಲಿ ಮಾಡಿಸುವ ಅಧಿಕಾರವಿಲ್ಲ. ಬಾಗಿಲಲ್ಲಿ ಒಬ್ಬ ಕಾನ್‌ಸ್ಟೆಬಲ್ ನಿಂತರೆ ನಮ್ಮ ಹೆಂಗಸರು ನಡುಗಿಬಿಡುತ್ತಾರೆ, ಅದು ಗೊತ್ತಿದ್ದೇ ಕೆಲವರು ಆ ದಾರಿ ಹಿಡಿಯುತ್ತಾರೆ. ನೀರು, ಕರೆಂಟು ನಿಲ್ಲಿಸಿ ಓಡಿಸುವುದೂ ಹಾಗೆಯೇ. ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕನ ಒಪ್ಪಿಗೆಯಿಲ್ಲವೆಂದು ಬಾಡಿಗೆದಾರನಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮನೆ ಮಾರಾಟವಾದರೂ ಬಾಡಿಗೆ ತನ್ನಿಂದ ತಾನೇ ಮುಗಿಯುವುದಿಲ್ಲ. ಕೊಂಡವರು ಹಳೆಯ ಮಾಲೀಕರ ಜಾಗಕ್ಕೆ ಬರುತ್ತಾರೆ. ಅಡ್ವಾನ್ಸ್ ಅವರ ಕೈಗೆ ದಾಟಿದೆಯೇ ಎಂದು ಇಬ್ಬರಿಂದಲೂ ಬರೆಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ನಮ್ಮ ಇದ್ದತ್ತಿನ ದಿನಗಳು ಈ ಕಾನೂನಿನ ಲೆಕ್ಕದಲ್ಲಿ ಇಲ್ಲ. ಹತ್ತನೆಯ ದಿನಕ್ಕೂ ನೋಟಿಸ್ ಕೊಡಬಹುದು. ಆದರೆ ನೋಟಿಸ್, ದಾವೆ, ಹಾಜರಾತಿ ಎಂದಾಗುವಾಗ ನಾಲ್ಕು ತಿಂಗಳು ಹತ್ತು ದಿನ ಸುಲಭವಾಗಿ ಕಳೆಯುತ್ತದೆ. ಬಾಡಿಗೆ ಮಾತ್ರ ತಪ್ಪಿಸಬಾರದು. ವಕೀಲೆಯ ಸಲಹೆಯಂತೆ ಆಕೆ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಬಾಡಿಗೆಯನ್ನು ಮಾಲೀಕರ ಬ್ಯಾಂಕ್ ಖಾತೆಗೆ ಹಾಕಿಸಿದರು. ಹಣ ಹಾಕಿದ್ದು ಆಕೆಯ ಅಣ್ಣ.

ಅಡ್ವಾನ್ಸ್ ಯಾರಿಗೆ ಸೇರಿದ್ದು?

ನಿಜವಾದ ಕಷ್ಟ ಶುರುವಾದದ್ದು ಇಲ್ಲಿ. ಮಾಲೀಕರ ಬಳಿಗೆ ಮೈದುನ ಆಗಲೇ ಹೋಗಿ, "ಅಡ್ವಾನ್ಸನ್ನು ನನ್ನ ಕೈಯಲ್ಲಿ ಕೊಡಿ, ಮನೆ ನಾನು ಖಾಲಿ ಮಾಡಿಸುತ್ತೇನೆ" ಎಂದಿದ್ದರಂತೆ. ಮಾಲೀಕರಿಗೆ ಅಷ್ಟು ಅವಸರ ಹುಟ್ಟಿದ್ದೂ ಅದರಿಂದಲೇ ಎಂದು ಆಮೇಲೆ ತಿಳಿಯಿತು.

ಅಡ್ವಾನ್ಸ್ ಎಂದರೆ ಮಾಲೀಕರ ಕೈಯಲ್ಲಿರುವ ಬಾಡಿಗೆದಾರರ ಹಣ. ಬಾಡಿಗೆದಾರ ತೀರಿಕೊಂಡರೆ ಅದು ಅವರು ಬಿಟ್ಟುಹೋದ ಸ್ವತ್ತಿನ ಭಾಗ. ಮೊದಲು ಕಫನ್ ದಫನ್ ಖರ್ಚು, ಸಾಲ, ವಸಿಯ್ಯತ್ ಇದ್ದರೆ ಅದು. ಉಳಿದದ್ದು ವಾರಸುದಾರರೆಲ್ಲರಿಗೆ. ಇಲ್ಲಿ ವಾರಸುದಾರರು ಪತ್ನಿ, ವೃದ್ಧ ತಾಯಿ, ಒಬ್ಬ ಮಗ, ಒಬ್ಬಳು ಮಗಳು. ಮಕ್ಕಳಿರುವುದರಿಂದ ಪತ್ನಿಗೆ ಎಂಟನೆಯ ಒಂದು, ತಾಯಿಗೆ ಆರನೆಯ ಒಂದು, ಉಳಿದದ್ದು ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಮಗನಿರುವಾಗ ಸಹೋದರನಿಗೆ ಪಾಲಿಲ್ಲ. ಕುಟುಂಬದಲ್ಲಿ ಹಿರಿಯರೆಂಬ ಗೌರವ ಬೇರೆ, ಹಣ ಪಡೆಯುವ ಹಕ್ಕು ಬೇರೆ. ಮಾಲೀಕರೂ ಎಲ್ಲ ವಾರಸುದಾರರ ಪರವಾಗಿ ಸಹಿ ಪಡೆಯದೆ ಒಬ್ಬರ ಕೈಗೆ ಹಣ ಕೊಟ್ಟರೆ ನಾಳೆ ಇನ್ನೊಬ್ಬರಿಗೆ ಉತ್ತರ ಹೇಳಬೇಕಾಗುತ್ತದೆ.

ಆದರೆ ಮೈದುನ ಹೇಳಿದ್ದು ಬೇರೆ. ಆ ಅಡ್ವಾನ್ಸ್ ಕೊಡುವಾಗ ಅಣ್ಣನಿಗೆ 20,000 ಸಾಲ ಕೊಟ್ಟದ್ದು ತಾನು ಎಂದರು. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಅವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ನಿಜವಾಗಿದ್ದರೆ ಅದು ಮರ್ಹೂಮರ ಸಾಲ, ಪಾಲಾಗುವ ಮೊದಲೇ ತೀರಬೇಕಾದದ್ದು. ಕುರ್‌ಆನಿನ ಅತಿ ದೀರ್ಘ ಸೂಕ್ತ ನಮಾಝಿನ ಕುರಿತು ಅಲ್ಲ, ಉಪವಾಸದ ಕುರಿತು ಅಲ್ಲ, ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವುದರ ಕುರಿತು ಇದೆ. ನಾನು ಅದನ್ನು ಮಕ್ಕಳಿಗೆ ಹತ್ತಾರು ಸಲ ಕಲಿಸಿದ್ದೇನೆ. ನನ್ನ ಸ್ವಂತ ತಂಗಿಗೆ ಕೊಟ್ಟ ಹಣಕ್ಕೆ ಚೀಟಿ ಬರೆಸಿಕೊಂಡವಳಲ್ಲ. ತಮ್ಮ, ತಂಗಿ, ಅಳಿಯ ಎಂಬ ಸಂಕೋಚದಲ್ಲಿ ನಾವೆಲ್ಲ ಹೀಗೆಯೇ.

ಬಾಡಿಗೆದಾರರು ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಕಡಿತ ಎಷ್ಟು ನ್ಯಾಯ? ಬಾಕಿ ಬಾಡಿಗೆ, ಬಾಕಿ ವಿದ್ಯುತ್ ಬಿಲ್ಲು, ನೋಟಿಸ್ ಕೊಡದೆ ಹೊರಟರೆ ನೋಟಿಸ್ ಅವಧಿಯ ಬಾಡಿಗೆ, ನಿಮ್ಮಿಂದ ಒಡೆದುಹೋದ ವಸ್ತು, ಇವು ಸರಿ. ಆದರೆ ವರ್ಷಗಟ್ಟಲೆ ವಾಸವಿದ್ದ ಮನೆಯ ಸುಣ್ಣ ಮಾಸುವುದು, ನೆಲ ಸವೆಯುವುದು ಸಹಜ ಸವಕಳಿ. 108ನೇ ಕಲಮು ಅದನ್ನು ಬಾಡಿಗೆದಾರರ ಹೊಣೆಯಿಂದ ಹೊರಗಿಡುತ್ತದೆ. "ಪೈಂಟಿಂಗಿಗೆ ಒಂದು ತಿಂಗಳ ಬಾಡಿಗೆ" ಎಂದು ಕರಾರಿನಲ್ಲಿ ಬರೆದು ನೀವು ಸಹಿ ಮಾಡಿದ್ದರೆ ಮಾತ್ರ ಬೇರೆ. ಬೆಂಗಳೂರಿನ ಕರಾರುಗಳಲ್ಲಿ ಈ ಸಾಲು ಸಾಮಾನ್ಯ. ನೀವು ಹಾಕಿಸಿದ ಫ್ಯಾನು, ಕಪಾಟು, ನೀರಿನ ಫಿಲ್ಟರನ್ನು ಮನೆ ಬಿಡುವ ಮೊದಲು ಗೋಡೆಗೆ ಹಾನಿಯಾಗದಂತೆ ಕಳಚಿಕೊಂಡು ಹೋಗುವ ಹಕ್ಕು ನಿಮಗಿದೆ. ಕೀಲಿ ಕೊಟ್ಟ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಒಮ್ಮೆ ನಾವು ಮನೆ ಬದಲಿಸಿದಾಗ ಅಡ್ವಾನ್ಸಿನ ಅರ್ಧವನ್ನು ಮಾಲೀಕರು "ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇನೆ" ಎಂದರು. ನಾವು ನಂಬಿ ಕೀಲಿ ಕೊಟ್ಟೆವು. ಎಂಟು ತಿಂಗಳು ಅಲೆದೆವು. ಕೀಲಿ ಕೊಟ್ಟ ದಿನ, ಮೀಟರಿನ ಅಂಕಿ, ಬರಬೇಕಾದ ಹಣ ಮತ್ತು ಕೊಡುವ ತಾರೀಖನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದರೆ ಅಷ್ಟು ಅಲೆಯಬೇಕಾಗಿರಲಿಲ್ಲ. ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. 2021ರಲ್ಲಿ ಕೇಂದ್ರ ಸರಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದಿದೆ. ವಾಟ್ಸ್‌ಆ್ಯಪಿನಲ್ಲಿ ಇದು ಆಗಾಗ ಸುತ್ತುತ್ತದೆ. ಅದು ಬರೀ ಮಾದರಿ, ರಾಜ್ಯವೊಂದು ತನ್ನ ಕಾನೂನಾಗಿ ಮಾಡಿಕೊಂಡ ಹೊರತು ಅದನ್ನು ತೋರಿಸಿ ಮಾಲೀಕರೊಂದಿಗೆ ಜಗಳಕ್ಕೆ ಹೋಗಬೇಡಿ.

ಪತಿ ಬಿಟ್ಟು ಹೋದರೆ

ಮರಣಕ್ಕಿಂತಲೂ ಕಠಿಣವಾದ ಸ್ಥಿತಿ ಇದು. ಪತಿ ಬೇರೆಡೆ ಹೋಗಿ ನೆಲೆಸಿದ್ದಾನೆ, ಬಾಡಿಗೆ ಕಟ್ಟುವುದಿಲ್ಲ, ಮಾಲೀಕರಿಗೆ ಫೋನು ಮಾಡಿ "ನನಗೆ ಆ ಮನೆ ಬೇಡ" ಎನ್ನುತ್ತಾನೆ. ಹೆಂಡತಿ ಮಕ್ಕಳು ಒಳಗಿದ್ದಾರೆ. ಬೆಂಗಳೂರಿನ ಒಂದು ಬಾಡಿಗೆ ಮನೆಯ ಮೊಕದ್ದಮೆ ಹೀಗೆಯೇ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2005ರಲ್ಲಿ ಬಂದ ತೀರ್ಪು ಹೇಳುವುದೇನೆಂದರೆ, ಪತಿ ಮೊಕದ್ದಮೆ ನಡೆಸದೆ ಕೈಬಿಟ್ಟರೆ ಆ ಮನೆಯಲ್ಲಿರುವ ಪರಿತ್ಯಕ್ತ ಪತ್ನಿ ಕೋರ್ಟಿಗೆ ಬಂದು ತಾನೇ ವಾದಿಸಬಹುದು. ಪತಿಗೆ ಎಷ್ಟು ಹಕ್ಕಿತ್ತೋ ಅಷ್ಟೇ, ಅದಕ್ಕಿಂತ ಹೆಚ್ಚಲ್ಲ. ಆದರೆ ವಿಚ್ಛೇದನ ಆಗಿಬಿಟ್ಟರೆ ವಿಚ್ಛೇದನದ ಷರತ್ತಿನಲ್ಲಿ ವಾಸದ ಕುರಿತು ಏನು ಬರೆದಿದೆ ಎಂಬುದೇ ಲೆಕ್ಕಕ್ಕೆ ಬರುತ್ತದೆ. ಆ ಸ್ತ್ರೀಗೆ ಮನೆ ಉಳಿಯಲಿಲ್ಲ, ಏಕೆಂದರೆ ವಿಚ್ಛೇದನದ ಒಪ್ಪಂದದಲ್ಲಿ ಆ ಮನೆಯ ಮಾತೇ ಇರಲಿಲ್ಲ.

ತಲಾಕ್ ಅಥವಾ ಖುಲಾದ ಮಾತುಕತೆಗೆ ಜಮಾಅತಿನಲ್ಲಿ ಕುಳಿತಾಗ ಮಹ್ರ್, ಬಂಗಾರ, ಮಕ್ಕಳ ಖರ್ಚು ಎಲ್ಲ ಬರುತ್ತದೆ. ಬಾಡಿಗೆ ಮನೆಯಲ್ಲಿ ಯಾರು ಇರುತ್ತಾರೆ, ಎಲ್ಲಿಯವರೆಗೆ, ಬಾಡಿಗೆ ಯಾರು ಕೊಡುತ್ತಾರೆ, ಅಡ್ವಾನ್ಸ್ ಯಾರದ್ದು ಎಂಬುದು ಬರುವುದಿಲ್ಲ. ಅದನ್ನೂ ಬರೆಸಿ. ತಲಾಕ್ ಆದವಳಿಗೆ ಇದ್ದತ್ತಿನ ಕಾಲದಲ್ಲಿ ವಾಸದ ವ್ಯವಸ್ಥೆ ಮಾಡಬೇಕೆಂದು ಸೂರಃ ಅತ್ತಲಾಕ್‌ನಲ್ಲೇ ಆದೇಶವಿದೆ, ಅದು ಯಾರ ಔದಾರ್ಯವೂ ಅಲ್ಲ. ಮನೆಯಲ್ಲಿ ಹಿಂಸೆಯಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ನಿಮ್ಮ ಕೈಯಲ್ಲಿದೆ. ಆ ಕಾಯ್ದೆ ಬಾಡಿಗೆ ಮನೆಯನ್ನೂ ಕೂಡಿ ಬಾಳಿದ ಮನೆಯೆಂದೇ ಎಣಿಸುತ್ತದೆ. ಬೇರೆ ವಸತಿ ಒದಗಿಸುವಂತೆ ಅಥವಾ ಅದರ ಬಾಡಿಗೆ ಕೊಡುವಂತೆ ಮ್ಯಾಜಿಸ್ಟ್ರೇಟರು ಪತಿಗೆ ಆದೇಶಿಸಬಹುದು.

ಮನೆ ನಿಮ್ಮದಾಗಿದ್ದರೆ

ಈ ಪುಟ ಓದುತ್ತಿರುವವರಲ್ಲಿ ಮಾಲೀಕರೂ ಇದ್ದೀರಿ. ತಂದೆಯ ಪಾಲಿನಿಂದ ಬಂದ ಒಂದು ಪುಟ್ಟ ಮನೆಯ ಬಾಡಿಗೆಯಲ್ಲೇ ಔಷಧಿ, ಅಕ್ಕಿ, ಮಗಳ ಫೀಸು ನಡೆಸುವ ವಿಧವೆಯರನ್ನು ನಾನು ಬಲ್ಲೆ. ಬಾಡಿಗೆದಾರ ಆರು ತಿಂಗಳು ಬಾಡಿಗೆ ಕೊಡದೆ ಕುಳಿತರೆ ಅವರೂ ಮಝ್‌ಲೂಮರೇ. ಅವರಿಗೂ ದಾರಿ ಅದೇ: ಲಿಖಿತ ನೋಟಿಸ್, ಆಮೇಲೆ ದಾವೆ. ನೋಟಿಸಿನ ಗಡುವು ಮುಗಿದ ಮೇಲೆ ಬಾಡಿಗೆ ಎಂದು ಹಣ ಪಡೆಯುವ ಮೊದಲು ವಕೀಲರನ್ನು ಕೇಳಿ, ನೋಟಿಸನ್ನು ನೀವೇ ಕೈಬಿಟ್ಟಿರಿ ಎಂಬ ವಾದಕ್ಕೆ ಅದು ಎಡೆ ಕೊಡಬಹುದು. ಹಳೆಯ ಸಣ್ಣ ಬಾಡಿಗೆಯ ಮನೆಯಾಗಿ, ನೀವು ವಿಧವೆಯಾಗಿದ್ದು ಸ್ವಂತ ವಾಸಕ್ಕೆ ಮನೆ ಬೇಕೆಂದಾದರೆ 1999ರ ಬಾಡಿಗೆ ಕಾಯ್ದೆಯಲ್ಲಿ ಬೇಗನೆ ಸ್ವಾಧೀನ ಕೇಳುವ ಪ್ರತ್ಯೇಕ ಅವಕಾಶವಿದೆ.

ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರ ಮನೆಯ ಒಡೆಯನಾಗುತ್ತಾನೆ ಎಂಬ ಭಯ ಬಹಳ ಮಂದಿಗಿದೆ. ಈ ಭಯದಿಂದಲೇ ಒಳ್ಳೆಯ ಬಾಡಿಗೆದಾರರನ್ನೂ ಎಬ್ಬಿಸುವವರಿದ್ದಾರೆ. ಬಾಡಿಗೆ ಕೊಟ್ಟು ಇರುವವನು ನಿಮ್ಮ ಅನುಮತಿಯಿಂದ ಇರುವವನು. ಎಷ್ಟು ವರ್ಷವಾದರೂ ಅದರಿಂದ ಒಡೆತನ ಹುಟ್ಟುವುದಿಲ್ಲ. ಹನ್ನೆರಡು ವರ್ಷದ ಲೆಕ್ಕ ಇರುವುದು ಬೇರೆಡೆ. ಬಾಡಿಗೆಯನ್ನು ಕೊನೆಗೊಳಿಸಿದ ಮೇಲೆ ಸ್ವಾಧೀನಕ್ಕಾಗಿ ದಾವೆ ಹೂಡಲು ಅಷ್ಟು ಅವಧಿ. ಅಂದರೆ ನೋಟಿಸ್ ಕೊಟ್ಟು ಸುಮ್ಮನೆ ಮಲಗಬಾರದು, ಅಷ್ಟೇ.

ಜಮಾಅತಿನ ವಕ್ಫ್ ಕಟ್ಟಡದಲ್ಲಿ ಬಾಡಿಗೆಗಿರುವವರ ವಿಷಯ ಪ್ರತ್ಯೇಕ. 2013ರ ತಿದ್ದುಪಡಿಯಿಂದ ಅಂಥ ಬಾಡಿಗೆದಾರರನ್ನು ತೆರವುಗೊಳಿಸುವ ವ್ಯಾಜ್ಯಗಳು ವಕ್ಫ್ ನ್ಯಾಯಮಂಡಳಿಯ ಮುಂದೆ ಹೋಗುತ್ತವೆ.

ಬೆಂಗಳೂರು ಕಡೆಯವರು ಲೀಸ್ ಎನ್ನುವ ಭೋಗ್ಯದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಐದು ಲಕ್ಷ, ಹತ್ತು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸು. ಕೊಟ್ಟ ಸಾಲದಿಂದ ಲಾಭ ಪಡೆಯುವುದು ಬಡ್ಡಿಯ ಸಾಲಿಗೆ ಸೇರುತ್ತದೆ ಎನ್ನುವ ಉಲಮಾಗಳು ಬಹಳ ಮಂದಿ. ಅದನ್ನು ನಿಮ್ಮ ಊರಿನ ಖತೀಬರಲ್ಲಿ ಕೇಳಿಕೊಳ್ಳಿ. ನಾನು ಹೇಳುವುದು ಮುಗಿಯುವಾಗಿನ ಕಷ್ಟ. ಸ್ವಾಧೀನ ಕೊಟ್ಟು ಮಾಡುವ ಅಡಮಾನಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಪತ್ರ ನೋಂದಣಿಯಾಗಬೇಕು. ಬರೀ ಸ್ಟ್ಯಾಂಪ್ ಕಾಗದದಲ್ಲಿ ನೋಟರಿ ಸೀಲು ಹಾಕಿಸಿದರೆ ಸಾಲದು. ಆ ಮನೆ ಆಗಲೇ ಬ್ಯಾಂಕಿಗೆ ಅಡವಾಗಿದ್ದರೆ ನಿಮ್ಮ ಹತ್ತು ಲಕ್ಷ ಬ್ಯಾಂಕಿನ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಋಣಭಾರ ಪತ್ರ ನೋಡದೆ ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಅಲ್ಲಿ ಇಡಬೇಡಿ.

ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಸ್ತ್ರೀಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕಾಗಿ ಸಿಗುತ್ತದೆ. ದೂರವಾಣಿ 15100. ಹೋಗುವಾಗ ಕರಾರು ಪತ್ರ, ಬಾಡಿಗೆಯ ರಶೀದಿ ಅಥವಾ ಪಾಸ್‌ಬುಕ್, ಮರಣವಾಗಿದ್ದರೆ ಅದರ ಪ್ರಮಾಣಪತ್ರ ಕೊಂಡುಹೋಗಿ.

ಆ ಹುಡುಗಿಯ ತಾಯಿಗೆ ಮಾಲೀಕರು ಕೊನೆಗೂ ಲಿಖಿತ ನೋಟಿಸ್ ಕಳುಹಿಸಿದರು. ಆಕೆ ಇದ್ದತ್ ಪೂರೈಸಿ ಆರನೆಯ ತಿಂಗಳಲ್ಲಿ ಅಣ್ಣನ ಮನೆಯ ಹತ್ತಿರ ಸಣ್ಣದೊಂದು ಮನೆ ಹಿಡಿದರು. ಸುಣ್ಣ ಬಣ್ಣಕ್ಕೆಂದು ಮಾಲೀಕರು ಕೇಳಿದ ಕಡಿತ ಕರಾರಿನಲ್ಲಿ ಇರಲಿಲ್ಲ, ಬಿಟ್ಟುಕೊಟ್ಟರು. ಮೈದುನನ ಸಾಲದ ಬಗ್ಗೆ ಅತ್ತೆಯನ್ನು ಕೂರಿಸಿ ಕೇಳಿದಾಗ, "ಎಂಟು ಸಾವಿರ ಕೊಟ್ಟದ್ದು ನನ್ನ ಕಣ್ಣ ಮುಂದೆ, ಉಳಿದದ್ದು ನನಗೆ ಗೊತ್ತಿಲ್ಲ" ಎಂದರು. ಎಂಟು ಸಾವಿರ ಅವರಿಗೆ ಹೋಯಿತು. ಉಳಿದ 72,000ದಲ್ಲಿ ಆಕೆಗೆ 9,000, ಅತ್ತೆಗೆ 12,000, ಮಗನ ಹೆಸರಿನ ಖಾತೆಗೆ 34,000, ಮಗಳ ಖಾತೆಗೆ 17,000. ಎಲ್ಲರೂ ಒಂದೇ ಹಾಳೆಯಲ್ಲಿ ಸಹಿ ಹಾಕಿದರು, ಅತ್ತೆ ಹೆಬ್ಬೆಟ್ಟು ಒತ್ತಿದರು. ಹೊಸ ಮನೆಯ ಕರಾರು ಆಕೆಯ ಹೆಸರಿನಲ್ಲಿದೆ.